ನೋವಿನ ಮಾತ್ರೆಗೂ ಒಂದು ಹೆಸರುಂಟು

ಕಾಶಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ನೆಂಟರ ಬರ ಎಂದೂ ಬಂದುದಿಲ್ಲ. ಊರಿನಲ್ಲಿದ್ದಾಗ ಮದುವೆ ಮುಂಜಿಗಳಲ್ಲಿಯೂ ನಮ್ಮನ್ನು ಮಾತನಾಡಿಸದೆ ಹೋಗುತ್ತಿದ್ದವರು ಕೂಡ, ನಾವು ಇಲ್ಲಿ ಬಾಡಿಗೆಯ ಮನೆ ಹಿಡಿದೆವೆಂಬ ಸುದ್ದಿ ತಿಳಿದೊಡನೆಯೇ ಗಂಗಾಸ್ನಾನದ ಸಂಕಲ್ಪ ಮಾಡುತ್ತಾರೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶೀದರ್ಶನದ ವಿಶೇಷ ರೈಲು ಹೊರಟ ಮೇಲಂತೂ ಈ ಸಂಕಲ್ಪ ಇನ್ನಷ್ಟು ಸುಲಭವಾಯಿತು. ಬರಲಿ, ನಮಗೂ ಸಂತೋಷವೇ. ಆದರೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರ ಮಂಡಿಗಳಿಗೂ ಇಲ್ಲಿಯ ಘಾಟುಗಳ ಮೆಟ್ಟಿಲುಗಳಿಗೂ ಹುಟ್ಟಾ ವೈರ. ಕೇದಾರಘಾಟಿನಲ್ಲಿ ಇಳಿದು ಹತ್ತಿದರೆಂದರೆ ಸಂಜೆಗೆ ಮನೆಯಲ್ಲಿ ಒಂದೇ ಮಾತು: “ಯಾವುದಾದರೂ ನೋವಿನ ಮಾತ್ರೆ ಇದ್ದರೆ ಕೊಡಪ್ಪ.”

ಈ ಬಾರಿ ನಾವು ಬರೆಯಹೊರಟಿರುವುದು ಆ “ಯಾವುದಾದರೂ” ಎಂಬ ಮಾತಿನ ವಿಚಾರವಾಗಿ. ಬರೆಯುವುದಕ್ಕೆ ನಮಗಿರುವ ಅಧಿಕಾರವಾದರೂ ಏನೆಂದರೆ, ನಾವೇ ತಪ್ಪು ಮಾಡಿ ಕಲಿತವರು.

ಕೆಲವು ವರ್ಷಗಳ ಹಿಂದೆ, ಜ್ಯೇಷ್ಠ ಮಾಸದ ಕಡು ಬೇಸಿಗೆಯಲ್ಲಿ, ಹಾಸನದ ಕಡೆಯಿಂದ ನಮ್ಮ ದೊಡ್ಡಮ್ಮನವರು ಬಂದಿದ್ದರು. ಎಪ್ಪತ್ತು ದಾಟಿದ ಜೀವ; ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ಬಿಟ್ಟರೆ ಗಟ್ಟಿಮುಟ್ಟಾಗಿದ್ದರು. ಮೊದಲ ದಿನವೇ ಹನುಮಾನ್ ಘಾಟಿನಲ್ಲಿ ಸ್ನಾನ, ವಿಶ್ವನಾಥನ ದರ್ಶನ, ಜಂಗಮವಾಡಿ ಮಠ ಎಂದು ಸುತ್ತಿದರು. ರಾತ್ರಿ ಮಂಡಿ ಊದಿಕೊಂಡಿತು. ಮನೆಯ ಹುಡುಗನನ್ನು ಬೀದಿಯ ಕೊನೆಯ ಔಷಧದಂಗಡಿಗೆ ಓಡಿಸಿದೆವು. “ದರ್ದ್ ಕೀ ಗೋಲೀ” ಎಂದು ಕೇಳಿದನಂತೆ. ಅಂಗಡಿಯವನು ಒಂದು ಶೀಟಿನಿಂದ ಆರು ಮಾತ್ರೆಗಳನ್ನು ಕತ್ತರಿಸಿ ಕೊಟ್ಟನಂತೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ನೋವು ಮಾಯವಾಯಿತು. ದೊಡ್ಡಮ್ಮನವರು ಆ ಮಾತ್ರೆಯನ್ನು ವಿಶ್ವನಾಥನ ಪ್ರಸಾದವೆಂಬಂತೆ ಕಣ್ಣಿಗೊತ್ತಿಕೊಂಡರು. ಇನ್ನಾರು ತರಿಸಿದೆವು.

ಮೂರನೆಯ ದಿನ ಕಚೌಡಿಯೋ ಬಿಸಿಲೋ, ಏನು ಕಾರಣವೋ, ಅವರಿಗೆ ಭೇದಿ ಹಿಡಿಯಿತು. ಇಲ್ಲಿಯ “ಲೂ” ಗಾಳಿಯನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಮೈಯಲ್ಲಿನ ನೀರನ್ನೆಲ್ಲ ಅದು ಹೀರಿಬಿಡುತ್ತದೆ. ನೀರು ಕುಡಿದರೆ ಮತ್ತೆ ಭೇದಿಯಾದೀತೆಂದು ದೊಡ್ಡಮ್ಮ ನೀರನ್ನೂ ಕಡಮೆ ಮಾಡಿದರು. ರಕ್ತದೊತ್ತಡದ ಮಾತ್ರೆ ಮಾತ್ರ ತಪ್ಪಿಸಲಿಲ್ಲ, ನೋವಿನದನ್ನೂ ತಪ್ಪಿಸಲಿಲ್ಲ. ಐದನೆಯ ದಿನ ಓಕರಿಕೆ, ಕಾಲುಗಳಲ್ಲಿ ಬಾವು. ಮೂತ್ರವಾಗಿ ಎಷ್ಟು ಹೊತ್ತಾಯಿತೆಂದು ಕೇಳಿದರೆ ಅವರಿಗೇ ನೆನಪಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿದರು. ಕ್ರಿಯಾಟಿನಿನ್ ಇರಬೇಕಾದುದಕ್ಕಿಂತ ಮೂರು ಪಟ್ಟು ಏರಿತ್ತು. ವೈದ್ಯರು ಮೊದಲು ಕೇಳಿದ ಪ್ರಶ್ನೆ, ಯಾವ ಮಾತ್ರೆ ಕೊಟ್ಟಿರಿ ಎಂದು. ನೋವಿನ ಮಾತ್ರೆ ಎಂದೆವು. ಅದರ ಹೆಸರು? ನಾವು ಮುಖ ಮುಖ ನೋಡಿಕೊಂಡೆವು. ಅಂಗಡಿಯವನು ಕತ್ತರಿಸಿ ಕೊಟ್ಟ ತುಂಡನ್ನು ಮನೆಯಿಂದ ತರಿಸಿದರೆ, ಅದರ ಮೇಲೆ ಹೆಸರಿನ ಕೊನೆಯ ನಾಲ್ಕು ಅಕ್ಷರ ಉಳಿದಿತ್ತು; ಒಳಗಿನ ಮದ್ದೇನೆಂಬ ಸಾಲು ಕತ್ತರಿಗೆ ಹೋಗಿತ್ತು. ದೊಡ್ಡಮ್ಮ ಹಾಸಿಗೆಯಿಂದಲೇ, “ನೋವಿನ ಮಾತ್ರೆಗೆ ಇನ್ನೇನು ಹೆಸರು ಮಗು, ನೋವಿನ ಮಾತ್ರೆ ಅಂದರೆ ನೋವಿನ ಮಾತ್ರೆ” ಎಂದು ನಮ್ಮ ಪರವಾಗಿ ವಾದಿಸಿದರು. ಮಾತ್ರೆಗಳನ್ನು ನಿಲ್ಲಿಸಿ, ನರದ ಮೂಲಕ ನೀರು ಕೊಟ್ಟು, ಎಂಟು ಹತ್ತು ದಿನಗಳಲ್ಲಿ ಅವರನ್ನು ಮನೆಗೆ ಕಳುಹಿಸಿದರು. ಎಲ್ಲರಿಗೂ ಹಾಗೆ ಆಗುವುದಿಲ್ಲವೆಂದೂ, ಕೆಲವರ ಮೂತ್ರಪಿಂಡ ಮೊದಲಿನಂತಾಗದೆಯೇ ಉಳಿಯುತ್ತದೆಂದೂ ವೈದ್ಯರು ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಅಂಗಡಿಯವನನ್ನು ದೂರಿ ಫಲವಿಲ್ಲ. ಅವನು ಏನನ್ನೂ ಕೇಳಲಿಲ್ಲ, ನಿಜ. ನಾವೂ ಏನನ್ನೂ ಹೇಳಲಿಲ್ಲ.

ಇಷ್ಟಕ್ಕೂ ಒಳಗೆ ನಡೆದುದೇನು? ನೋವಿನ ಮಾತ್ರೆಗಳಲ್ಲಿ ನಮ್ಮ ಮನೆಗಳಿಗೆ ಬರುವುವು ಮುಖ್ಯವಾಗಿ ಎರಡು ಕುಲದವು. ಒಂದು ಪ್ಯಾರಸಿಟಮಾಲ್, ಕ್ರೋಸಿನ್, ಕ್ಯಾಲ್ಪಾಲ್, ಬೆಂಗಳೂರಿನ ಕಂಪನಿಯೊಂದು ಮಾಡುವ ಡೋಲೋ, ಇವೆಲ್ಲ ಅದರ ಅಂಗಡಿಯ ಹೆಸರುಗಳು. ಎರಡನೆಯದು ಆಸ್ಪಿರಿನ್ನಿನ ಕುಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನಿಮೆಸುಲೈಡ್, ಹೆಂಗಸರ ತಿಂಗಳ ನೋವಿಗೆ ಕೊಡುವ ಮೆಫೆನಾಮಿಕ್ ಆಮ್ಲ, ಎಲ್ಲವೂ ಈ ಕುಲದವೇ. ಈ ಎರಡನೆಯ ಕುಲ ಕೆಲಸ ಮಾಡುವ ರೀತಿಯನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು. ಮೈಯಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ತಯಾರಾಗುತ್ತವೆ. ಊತಕ್ಕೂ ನೋವಿಗೂ ಅವೇ ಕಾರಣ. ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವುದೂ ಅವೇ. ಮಾತ್ರೆ ಅವುಗಳ ತಯಾರಿಕೆಯನ್ನು ನಿಲ್ಲಿಸುತ್ತದೆ. ಮಂಡಿಗೆ ಉಪಕಾರ, ಉಳಿದೆರಡಕ್ಕೆ ಅಪಕಾರ.

ಗದ್ದೆಗೆ ನೀರು ಹಾಯಿಸಿದವರಿಗೆ ದೊಡ್ಡಮ್ಮನ ಕಥೆ ತಿಳಿಯುವುದು ಕಷ್ಟವಲ್ಲ. ಭೇದಿಯಿಂದ ಕೆರೆಯೇ ಬತ್ತಿತು. ಅವರ ರಕ್ತದೊತ್ತಡದ ಮಾತ್ರೆ ಎರಡು ಮದ್ದು ಸೇರಿದ್ದು. ಟೆಲ್ಮಿಸಾರ್ಟನ್ ಗದ್ದೆಯಿಂದ ನೀರು ಹೊರಹೋಗುವ ಮಡೆಯನ್ನು ಅಗಲ ಮಾಡಿತ್ತು, ಮೂತ್ರ ಹೆಚ್ಚಿಸುವ ಮದ್ದು ಇದ್ದ ನೀರನ್ನೂ ಹೊರಹಾಕುತ್ತಿತ್ತು. ಇಷ್ಟಾದರೂ ಗದ್ದೆ ಒಣಗದಂತೆ ನೋಡಿಕೊಳ್ಳುತ್ತಿದ್ದುದು ಒಳಬರುವ ಕಾಲುವೆ. ನೋವಿನ ಮಾತ್ರೆ ಅದನ್ನೂ ಕಿರಿದು ಮಾಡಿತು. ರಕ್ತದೊತ್ತಡದ ಮಾತ್ರೆ ಒಳ್ಳೆಯದೇ, ಮೂತ್ರದ ಮದ್ದೂ ಒಳ್ಳೆಯದೇ. ನೋವಿನ ಮಾತ್ರೆಯೂ ಗಟ್ಟಿ ಆಳಿಗೆ ನಾಲ್ಕು ದಿನಕ್ಕೆ ತೊಂದರೆ ಕೊಡದು. ಮೂರೂ ಸೇರಿ, ಮೇಲೆ ಭೇದಿಯೂ ಬಿಸಿಲೂ ಸೇರಿದಾಗ ಹೀಗಾಗುತ್ತದೆ. ಆದುದರಿಂದ ವಾಂತಿ ಭೇದಿ ಹಿಡಿದ ದಿನ ನೋವಿನ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಬೇಕು, ಓ.ಆರ್.ಎಸ್. ನೀರು ಕೊಡಬೇಕು, ರಕ್ತದೊತ್ತಡದ ಮಾತ್ರೆಯನ್ನು ಏನು ಮಾಡಬೇಕೆಂದು ಅದನ್ನು ಬರೆದ ವೈದ್ಯರಿಗೇ ಫೋನು ಮಾಡಿ ಕೇಳಬೇಕು.

ಮೂತ್ರಪಿಂಡದ ಮಾತು ಬಂದಾಗ ರಣಹದ್ದುಗಳ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ನಮ್ಮ ದೇಶದ ಮೂರು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕೂ ಹೆಚ್ಚು ಅಳಿದುಹೋದುವು. ಕಾರಣ ಏನೆಂದು ಯಾರಿಗೂ ತಿಳಿಯದೆ ಇದ್ದಾಗ, 2004ರಲ್ಲಿ ಗುಟ್ಟು ಬಯಲಾಯಿತು. ದನಗಳ ಬಾವಿಗೂ ನೋವಿಗೂ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ, ಅದರ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತಿತ್ತು. 2006ರಲ್ಲಿ ದನಗಳ ಚಿಕಿತ್ಸೆಗೆ ಆ ಮದ್ದನ್ನು ನಿಷೇಧಿಸಿದರು. ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಅವನ್ನೂ ನಿಲ್ಲಿಸಿದರು. ಬೆಂಗಳೂರಿನ ಬಳಿಯ ರಾಮನಗರದ (ಗಂಗೆಯ ಆಚೆ ದಡದ ಇಲ್ಲಿಯ ರಾಮನಗರವಲ್ಲ) ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದುದು ಅಳಿದುಳಿದವುಗಳನ್ನು ಕಾಯುವುದಕ್ಕೆ. ಜಟಾಯುವಿನ ವಂಶಕ್ಕೆ ರಾವಣನ ಕತ್ತಿಗಿಂತ ಹೆಚ್ಚಿನ ಅಪಾಯ ಒಂದು ನೋವಿನ ಮದ್ದಿನಿಂದ ಬಂದಿತು. ನಾವು ಹದ್ದುಗಳಲ್ಲ, ನಮ್ಮ ಮೈ ಆ ಮದ್ದನ್ನು ಅವುಗಳಿಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೂ ಅದು ಪೆಪ್ಪರಮಿಂಟಲ್ಲ.

ಹಾಗಾದರೆ ಪ್ಯಾರಸಿಟಮಾಲ್ ನಿರಪಾಯವೆ? ಮಂಡಿನೋವಿನ ವೃದ್ಧರಿಗೆ, ರಕ್ತದೊತ್ತಡದವರಿಗೆ, ಹೊಟ್ಟೆಯ ಹುಣ್ಣಿನವರಿಗೆ ಮೊದಲು ಕೊಡಬೇಕಾದುದು ಅದೇ ಎಂಬುದರಲ್ಲಿ ಸಂದೇಹವಿಲ್ಲ. ಅದರ ಅಪಾಯ ಬೇರೆ ಕಡೆ, ಯಕೃತ್ತಿನಲ್ಲಿ ಇದೆ. ಅದೂ ಅಳತೆ ಮೀರಿದಾಗ. ದೊಡ್ಡವರಿಗೆ ಒಂದು ದಿನದ ಮೇಲ್ಮಿತಿ 4,000 ಮಿಲಿಗ್ರಾಂ. ಮೈತೂಕ 50 ಕಿಲೋಗಿಂತ ಕಡಮೆಯಿದ್ದವರಿಗೆ, ಮದ್ಯ ಸೇವಿಸುವವರಿಗೆ, ಯಕೃತ್ತಿನ ಕಾಯಿಲೆಯವರಿಗೆ ಅದಕ್ಕಿಂತ ಕಡಮೆ. ಯಾರು ಅಷ್ಟು ನುಂಗುತ್ತಾರೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಜ್ವರಕ್ಕೆಂದು 650 ಮಿಲಿಗ್ರಾಮಿನ ಮಾತ್ರೆ ದಿನಕ್ಕೆ ನಾಲ್ಕು: 2,600. ನೆಗಡಿಗೆಂದು ಬೇರೆ ಮಾತ್ರೆ ದಿನಕ್ಕೆ ಮೂರು. ಅಂಥ ಮಾತ್ರೆಗಳಲ್ಲಿ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿರುವುದುಂಟು: 1,500. ಮೈಕೈ ನೋವಿಗೆಂದು ಕಾಂಬಿಫ್ಲಾಂ ಎರಡು. ಅದರಲ್ಲಿ ಐಬುಪ್ರೊಫೆನ್ 400 ಇದ್ದು ಜೊತೆಗೆ ಪ್ಯಾರಸಿಟಮಾಲ್ 325 ಇದೆ: 650. ಒಟ್ಟು 4,750. ಮೂರು ಬಣ್ಣದ ಮಾತ್ರೆ ನುಂಗಿದವರು ಮೂರು ಬೇರೆ ಬೇರೆ ಮದ್ದು ತೆಗೆದುಕೊಂಡೆವೆಂದೇ ತಿಳಿದಿರುತ್ತಾರೆ.

ಪ್ಯಾರಸಿಟಮಾಲ್ ಅತಿಯಾದಾಗ ಮೊದಲ ದಿನ ಹೆಚ್ಚೇನೂ ತೋರದು. ಸ್ವಲ್ಪ ಓಕರಿಕೆ, ಅಷ್ಟೆ. ಯಕೃತ್ತು ಕೆಟ್ಟ ಸೂಚನೆ ಬರುವುದು ಆಮೇಲೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಉಂಟು. ಎಂಟು ಗಂಟೆಗಳೊಳಗೆ ಕೊಟ್ಟರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದುದರಿಂದ ಮಗು ಡಬ್ಬಿ ತೆರೆದು ನುಂಗಿದೆಯೆಂದಾಗಲಿ, ದೊಡ್ಡವರು ಲೆಕ್ಕ ತಪ್ಪಿದರೆಂದಾಗಲಿ ತಿಳಿದರೆ, “ಚೆನ್ನಾಗಿಯೇ ಇದ್ದಾರಲ್ಲ, ಬೆಳಿಗ್ಗೆ ನೋಡೋಣ” ಎನ್ನಕೂಡದು. 108ಕ್ಕೆ ಕರೆ ಮಾಡಿ, ಶೀಟನ್ನೂ ಕೈಯಲ್ಲಿ ಹಿಡಿದು ಹೊರಡಬೇಕು.

ಇಲ್ಲಿಯೇ ಮಾತ್ರೆಯ ನಿಜವಾದ ಹೆಸರಿನ ಪ್ರಶ್ನೆ ಬರುವುದು. ಶೀಟಿನ ಮುಂದುಗಡೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಹಿಂದುಗಡೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಒಳಗಿನ ಮದ್ದಿನ ಹೆಸರೂ ಅದರ ತೂಕವೂ ಇರುತ್ತವೆ. ಇಲ್ಲಿಯ ಅಂಗಡಿಯವರು ಅದನ್ನು “ಸಾಲ್ಟ್” ಎನ್ನುತ್ತಾರೆ. (ನಮ್ಮ ಮನೆಯಲ್ಲಿ ಒಬ್ಬರು ಇದನ್ನು ಉಪ್ಪೆಂದು ತಿಳಿದು, ರಕ್ತದೊತ್ತಡಕ್ಕೆ ಉಪ್ಪಿಲ್ಲದ ಮಾತ್ರೆ ಇದೆಯೇ ಎಂದು ಕೇಳಿದ್ದುಂಟು.) ಮೈದಾಗಿನ್ ಬಳಿಯ ಸಪ್ತಸಾಗರದ ದವಾ ಮಂಡಿಯಲ್ಲಾಗಲಿ, ಲಂಕಾದಲ್ಲಿ ವಿಶ್ವವಿದ್ಯಾಲಯದ ಹೆಬ್ಬಾಗಿಲಿನೆದುರು ಸಾಲಾಗಿರುವ ಅಂಗಡಿಗಳಲ್ಲಾಗಲಿ, ಒಂದೇ ಸಾಲ್ಟು ಹತ್ತಾರು ಹೆಸರಿನಲ್ಲಿ ಕುಳಿತಿರುತ್ತದೆ. ಜನೌಷಧಿ ಕೇಂದ್ರದ ಶೀಟುಗಳಲ್ಲಿ ಸಾಲ್ಟಿನ ಹೆಸರೇ ಮುಂದೆ ಇರುವುದರಿಂದ, ಬೆಲೆಯ ಮಾತು ಹಾಗಿರಲಿ, ಓದುವುದಕ್ಕೇ ಅನುಕೂಲ. ಮದ್ದುಗಳನ್ನು ಬೆರೆಸಿ ಮಾಡಿದ ಮಾತ್ರೆಗಳ ಬಗ್ಗೆ ಸರ್ಕಾರಕ್ಕೂ ಸಂಶಯ ಬಂದದ್ದುಂಟು: 2024ರ ಆಗಸ್ಟಿನಲ್ಲಿ ಅಂಥ 156 ಬೆರಕೆಗಳನ್ನು ನಿಷೇಧಿಸಿದರು, ಅಸಿಕ್ಲೊಫೆನಾಕ್ 50 ಮತ್ತು ಪ್ಯಾರಸಿಟಮಾಲ್ 125 ಸೇರಿದ ಮಾತ್ರೆ ಅವುಗಳಲ್ಲಿ ಒಂದು. ನಾವು ಚಿಕ್ಕವರಿದ್ದಾಗ ಅಜ್ಜಿಯ ಡಬ್ಬಿಯಲ್ಲಿದ್ದ ಎ.ಪಿ.ಸಿ. ಮಾತ್ರೆಯೂ ಬೆರಕೆಯೇ. ಅದರ ನಡುವಣ “ಪಿ” ಅಂದರೆ ಫಿನಾಸಿಟಿನ್. ವರ್ಷಗಟ್ಟಲೆ ನುಂಗಿದವರ ಮೂತ್ರಪಿಂಡ ಕೆಡುವುದೆಂದು ತಿಳಿದ ಮೇಲೆ ಅದು ಅಂಗಡಿಗಳಿಂದ ಮರೆಯಾಯಿತು.

ಇನ್ನು ಮಳೆ ನಿಂತ ಮೇಲಿನ ಜ್ವರದ ವಿಷಯ. ಭಾದ್ರಪದದಿಂದ ದೀಪಾವಳಿಯವರೆಗೆ ಈ ಊರಿನಲ್ಲಿ ಯಾರಿಗೆ ಜ್ವರ ಬಂದರೂ ಡೆಂಗ್ಯೂ ಇರಬಹುದೆಂದೇ ಎಣಿಸುವುದು ಲೇಸು. ಡೆಂಗ್ಯೂವಿನಲ್ಲಿ ಮೈಕೈ ಮುರಿಯುವಂತೆ ನೋಯುತ್ತದೆ. ಬಲವಾದ ನೋವಿನ ಮಾತ್ರೆ ಬೇಕೆನಿಸುವುದು ಸಹಜ. ಆದರೆ ಆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಮೆಯಾಗುತ್ತವೆ. ಆಸ್ಪಿರಿನ್ನಿನ ಕುಲದ ಮದ್ದು ಉಳಿದ ಕಣಗಳನ್ನೂ ಕೆಲಸಕ್ಕೆ ಬಾರದಂತೆ ಮಾಡಿ, ಜಠರವನ್ನೂ ಕೆರಳಿಸಿ, ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಅಲ್ಲಿ ಪ್ಯಾರಸಿಟಮಾಲ್ ಒಂದೇ. ಜೊತೆಗೆ ಧಾರಾಳವಾಗಿ ನೀರು, ಗಂಜಿ, ಎಳನೀರು. ಜ್ವರ ಇಳಿಯಿತೆಂದು ಮೈಮರೆಯುವಂತೆಯೂ ಇಲ್ಲ, ಅದರ ಅಪಾಯದ ಘಟ್ಟ ಜ್ವರ ಇಳಿಯುವ ಹೊತ್ತಿಗೇ ಬರುವುದು. ಹೊಟ್ಟೆ ಬಲವಾಗಿ ನೋಯುವುದು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೂತ್ರ ಕಡಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ.

ಮಕ್ಕಳ ವಿಷಯದಲ್ಲಿ ನಮ್ಮಂಥ ಎರಡೂರಿನ ಸಂಸಾರಗಳಿಗೆ ಒಂದು ವಿಶೇಷವಾದ ತೊಡಕಿದೆ. ರಜೆಗೆ ಊರಿಗೆ ಹೋದಾಗ ಅಲ್ಲಿ ಒಂದು ಸೀಸೆ ಕೊಳ್ಳುತ್ತೇವೆ. ಇಲ್ಲಿಗೆ ಬಂದ ಮೇಲೆ ಇನ್ನೊಂದು. ಎರಡೂ ಪ್ಯಾರಸಿಟಮಾಲ್ ಸಿರಪ್ಪೇ. ಒಂದರಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಮದ್ದು, ಇನ್ನೊಂದರಲ್ಲಿ ಅಷ್ಟಕ್ಕೇ 250. ಎಳೆಗೂಸುಗಳ ಹನಿಮದ್ದಿನಲ್ಲಿ ಒಂದೇ ಮಿಲಿಲೀಟರಿಗೆ 100. ಮಗುವಿಗೆ ಒಂದು ಸಲಕ್ಕೆ ಕಿಲೋ ತೂಕಕ್ಕೆ 15 ಮಿಲಿಗ್ರಾಮಿನಂತೆ ಕೊಡುವುದು ವಾಡಿಕೆ. 12 ಕಿಲೋ ತೂಗುವ ಮಗುವಿಗೆ 180 ಮಿಲಿಗ್ರಾಂ ಆಯಿತು. ಮೊದಲ ಸೀಸೆಯಿಂದ ಅದು ಏಳೂವರೆ ಮಿಲಿಲೀಟರು. ಎರಡನೆಯದರಿಂದ ಮೂರೂವರೆಗಿಂತ ಸ್ವಲ್ಪ ಹೆಚ್ಚು. ಹನಿಮದ್ದಿನಿಂದ ಎರಡಕ್ಕೂ ಕಡಮೆ. “ಹೋದ ಸಲ ಒಂದೂವರೆ ಚಮಚ ಕೊಟ್ಟಿದ್ದೆವು” ಎಂಬ ನೆನಪಿನಿಂದ ಹನಿಮದ್ದನ್ನು ಕೊಟ್ಟರೆ ನಾಲ್ಕು ಪಟ್ಟು ಮೀರುತ್ತದೆ. ಸೀಸೆಯ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಉಪಯೋಗಿಸಬೇಕು, ಅಡಿಗೆಮನೆಯ ಚಮಚವನ್ನಲ್ಲ. ಎರಡು ಸರದಿಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲಕ್ಕೆ ಮಿಕ್ಕದಂತೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸೀಸೆಯ ಮಾತೇ ಬೇಡ, ನೇರವಾಗಿ ವೈದ್ಯರಲ್ಲಿಗೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೂಡದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಹಳೆಯ ಸೀಸೆ ಮನೆಯಲ್ಲಿದ್ದರೆ ಇವತ್ತೇ ಎಸೆಯಿರಿ.

ಕಾಶಿಯಲ್ಲಿ ಬೆಳಗಿನ ಸ್ನಾನ ದರ್ಶನಗಳು ಮುಗಿಯುವವರೆಗೆ ಉಪವಾಸ. ಏಕಾದಶಿ, ಸೋಮವಾರಗಳಲ್ಲಿ ದಿನವಿಡೀ. ಖಾಲಿ ಹೊಟ್ಟೆಗೆ ಆಸ್ಪಿರಿನ್ನಿನ ಕುಲದ ಮಾತ್ರೆ ಹಾಕಿಕೊಳ್ಳುವುದು ಬೆಂಕಿಗೆ ತುಪ್ಪ ಸುರಿದಂತೆ. ಉಪವಾಸ ಬಿಡುವುದಿಲ್ಲವೆನ್ನುವ ಹಿರಿಯರೊಡನೆ ನಾವು ವಾದಿಸುವುದಿಲ್ಲ. ಆ ದಿನ ಮಾತ್ರೆಯನ್ನು ಬಿಡಿ, ಮಂಡಿಗೆ ಬಿಸಿನೀರಿನ ಶಾಖ ಕೊಟ್ಟು ಡೈಕ್ಲೊಫೆನಾಕ್ ಮುಲಾಮು ಹಚ್ಚಿಕೊಳ್ಳಿ ಎನ್ನುತ್ತೇವೆ. ಹಚ್ಚಿದ ಮದ್ದು ರಕ್ತಕ್ಕೆ ಸೇರುವುದು ಬಹಳ ಕಡಮೆ. ಮಲ ಕರಿ ಡಾಂಬರಿನಂತಾದರೆ ಒಳಗೆ ರಕ್ತ ಸೋರುತ್ತಿದೆಯೆಂದು ತಿಳಿದು ಕೂಡಲೆ ವೈದ್ಯರನ್ನು ನೋಡಬೇಕು. ಹೃದಯಕ್ಕೆಂದು ದಿನಾ ಚಿಕ್ಕ ಆಸ್ಪಿರಿನ್ ನುಂಗುವವರು ಜೊತೆಗೆ ಐಬುಪ್ರೊಫೆನ್ ತೆಗೆದುಕೊಂಡರೆ ಆಸ್ಪಿರಿನ್ನಿನ ಕೆಲಸ ಕೆಡಬಹುದು. ಆಸ್ತಮಾ ಇರುವವರು, ಐದು ತಿಂಗಳು ತುಂಬುತ್ತ ಬಂದ ಗರ್ಭಿಣಿಯರು, ಇವರಿಗೂ ಈ ಕುಲ ಹೇಳಿಸಿದ್ದಲ್ಲ. ಮೆಫೆನಾಮಿಕ್ ಆಮ್ಲದಿಂದ ಕೆಲವರಿಗೆ ವಾರಗಳ ಮೇಲೆ ಜ್ವರ, ಮೈಮೇಲೆ ಗಂಧೆ ಎದ್ದು ಒಳ ಅವಯವಗಳಿಗೂ ತಾಗುವುದುಂಟೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿತು. ಅದು ಅಪರೂಪ, ಆದರೆ ತಿಳಿದಿರಬೇಕು. ತಲೆನೋವಿನವರಿಗೆ ಒಂದೇ ಮಾತು: ತಿಂಗಳಿಗೆ 15 ದಿನ ಮಾತ್ರೆ ನುಂಗುವವರ ತಲೆನೋವಿಗೆ ಆ ಮಾತ್ರೆಯೇ ಕಾರಣವಾಗಿರಬಹುದು.

ಊರಿನಿಂದ ಬಂದ ಹಿರಿಯರಿಗೆ ಹಿಂದಿ ಬಾರದು. ಔಷಧದಂಗಡಿಯವನಿಗೆ ಕನ್ನಡ ಬಾರದು. ನಾವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವರೇ ಮೆಲ್ಲನೆ ಇಳಿದು ಅಂಗಡಿಗೆ ಹೋಗುವುದೂ ಉಂಟು. ಆದುದರಿಂದ ಈಗ ನಮ್ಮ ಮನೆಯ ಬಾಗಿಲ ಹಿಂದೆ, ಕನ್ನಡ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಅಂಟಿಸಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.

“ಬೀಪೀ ಕೀ ದವಾ ಚಲ್ ರಹೀ ಹೈ.” ರಕ್ತದೊತ್ತಡದ ಮದ್ದು ನಡೆಯುತ್ತಿದೆ ಎಂದು.

“ಗುರ್ದೇ ಕೀ ತಕ್ಲೀಫ್ ಹೈ.” ಮೂತ್ರಪಿಂಡದ ತೊಂದರೆ ಇದ್ದವರಿಗೆ.

“ಇಸ್ ಮೇಂ ಕೌನ್ ಸಾ ಸಾಲ್ಟ್ ಹೈ?” ಇದರೊಳಗಿನ ಮದ್ದು ಯಾವುದು ಎಂದು.

“ಖುಲೀ ಗೋಲೀ ನಹೀಂ, ಪೂರಾ ಪತ್ತಾ ದೀಜಿಯೇ.” ಬಿಡಿ ಮಾತ್ರೆ ಬೇಡ, ಇಡೀ ಶೀಟು ಕೊಡಿ ಎಂದು.

ಕೊನೆಯ ಸಾಲಿಗೆ ಅಂಗಡಿಯವರು ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ, ವ್ಯಾಪಾರ ಹೆಚ್ಚುತ್ತದಲ್ಲ! ಇಡೀ ಶೀಟು ಬೇಡವೆನಿಸಿದರೆ, ಹೆಸರೂ ತಾರೀಖೂ ಇರುವ ಕಡೆಯ ತುಂಡನ್ನೇ ಕೇಳಿ ಪಡೆಯಬೇಕು. ಕಾಗದದಲ್ಲಿ ಮಡಿಸಿ ಕೊಡುವ ಬಣ್ಣಬಣ್ಣದ ಬಿಡಿ ಮಾತ್ರೆಗಳ “ಪುಡಿಯಾ”ವನ್ನಂತೂ, ಯಾರು ಕೊಟ್ಟರೂ, ಎಷ್ಟು ಬೇಗ ಗುಣವಾದರೂ, ಮನೆಗೆ ತರುವುದು ಬೇಡ. ಅದರಲ್ಲಿ ಏನಿತ್ತೆಂದು ಆಮೇಲೆ ಹೇಳಬಲ್ಲವರು ಯಾರೂ ಇರುವುದಿಲ್ಲ. ಶೀಟಿನ ಅಂಚಿನಲ್ಲಿ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯ ಮೇಲೆಯೇ ಕೊಡಬೇಕಾದ ಮದ್ದು. ಯಾವ ಮದ್ದಿನಿಂದಲಾದರೂ ಕೆಡುಕಾಯಿತೆಂದು ಅನುಮಾನ ಬಂದರೆ, ತಿಳಿಸುವುದಕ್ಕೆ ಸರ್ಕಾರದ ಉಚಿತ ದೂರವಾಣಿ ಇದೆ: 1800-180-3024.

ದೊಡ್ಡಮ್ಮನವರು ಊರಿನಲ್ಲಿ ಸುಖವಾಗಿದ್ದಾರೆ. ಹೋದ ತಿಂಗಳು ಫೋನಿನಲ್ಲಿ, ಮಾಘಕ್ಕೆ ಮತ್ತೆ ಬರುವೆವೆಂದು ಹೇಳಿದರು. ಮಂಡಿ ಹೇಗಿದೆ ಎಂದು ಕೇಳಿದೆವು. “ಮಂಡಿ ಹಾಗೇ ಇದೆ ಮಗು. ಪ್ಯಾರಸಿಟಮಾಲು, ಐನೂರರದು, ಬೆಳಿಗ್ಗೆ ಒಂದು ಸಂಜೆ ಒಂದು” ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ನಮಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದರು.